ಕಾಂಚನಳ ಫೋನಿಗೆ ಕೊಟ್ಟ ಒಪ್ಪಿಗೆ

ಹೊಲಿಗೆ ಮಷೀನು ಬಸ್ಸಿನ ಮೇಲೆ ಹೇರಿಕೊಂಡು ಒಬ್ಬಾಕೆ ಐನಾಪುರಕ್ಕೆ ಬಂದಾಳಂತ. ಕಂಡಕ್ಟರ್ ಮಷೀನಿಗೂ ಟಿಕೀಟು ಕೇಳಿದ್ದಕ್ಕೆ, "ಹಂಗಾರ ಅದಕ್ಕೊಂದು ಸೀಟು ಕೊಡ್ರಿ" ಅಂದಾಳಂತ. 2009ರಲ್ಲಿ ನಲ್ಲಿಯ ಸಾಲಿನಲ್ಲಿ ನಿಂತಾಗ ಶೇವಂತಾಬಾಯಿ ಕಾಂಚನಳ ಸುದ್ದಿ ಮೊದಲು ಕೇಳಿದ್ದು ಹೀಗೆ. ಆಕೆ ಶೇವಂತಾಬಾಯಿಯ ಬಗಲಿನ ಖೋಲಿಗೇ ಬಂದಳು. ಗಂಡನಿಲ್ಲ, ನೀಲಮ ಎಂಬ ಮಗಳೊಬ್ಬಳು. ಬ್ಲೌಸು ಹೊಲಿದೇ ಮಗಳನ್ನು ಬೆಳಗಾವಿಯ ನರ್ಸಿಂಗ್ ಕಾಲೇಜಿಗೆ ಮುಟ್ಟಿಸಿದಳು.

ಒಂಬತ್ತು ವರ್ಷದ ಮೇಲೆ, ನೀಲಮಳ ಕಡೇ ಪರೀಕ್ಷೆಗೆ ತಿಂಗಳಿದ್ದಾಗ, ಕಾಂಚನಳ ಎದೆಯಲ್ಲಿ ಗಂಟು ಕಂಡಿತು.

"ಮಗಳಿಗೆ ಗೊತ್ತಾದ್ರ ಪರೀಕ್ಷಾ ಬಿಟ್ಟು ಬರ್ತಾಳ. ಬಾಯಿ ಬಿಡಬ್ಯಾಡ, ಅಕ್ಕಾ."

ಓದು ಬಾರದ ಕಾಂಚನ ಹೊಲಿಯುತ್ತ ಗಂಟಿನ ಬಗ್ಗೆ ಫೋನಿಗೆ ಬಾಯಲ್ಲೇ ಪ್ರಶ್ನೆ ಕೇಳುವುದು, ಮೂರನೇ ಇಯತ್ತೆ ಕಲಿತ ಶೇವಂತಾಬಾಯಿ ಅಕ್ಷರ ಕೂಡಿಸಿ ಉತ್ತರ ಓದುವುದು. ಓದುವ ಮೊದಲೇ ಒಂದು ಚೌಕ ಅಡ್ಡ ಬರುತ್ತಿತ್ತು: ಕುಕೀಗಳಿಗೆ ಒಪ್ಪಿಗೆ ಇದೆಯೇ? ಶೇವಂತಾಬಾಯಿ ಎಲ್ಲಕ್ಕೂ ಹೌದೆಂದು ಒತ್ತುತ್ತಿದ್ದಳು. ಅಕ್ಕಿ ತೀರಿದರೂ 'ಇಲ್ಲ' ಅನ್ನದೆ 'ಹೆಚ್ಚಾಗೇತಿ' ಅನ್ನುವ ಮನೆಯವಳು. ಬಂದು ಕೇಳಿದವರಿಗೆ ಒಲ್ಲೆ ಅನ್ನುವುದು ಹೇಗೆ?

ಆದಿತ್ಯವಾರ ಊರಿಗೆ ಬಂದ ನೀಲಮ ಅವ್ವನ ಫೋನಿನಲ್ಲಿ ಹಾಡು ಹಚ್ಚಿದಳು. ಹಾಡಿಗಿಂತ ಮೊದಲು ಎದೆಗಂಟಿನ ದವಾಖಾನೆಯ ಜಾಹೀರಾತು. ಅದರ ಬೆನ್ನಿಗೇ ಮತ್ತೊಂದು.

"ಯವ್ವಾ, ನಿನಗ್ಯಾಕ ಇದನ್ನ ತೋರಸಾಕತ್ತೈತಿ?"

"ಅದಕ್ಕ ಹುಚ್ಚ ಹಿಡದೈತಿ, ಕೊಡಿಲ್ಲೆ!"

ಮಗಳು ಬಸ್ಸು ಹತ್ತಿದ್ದೇ ತಡ, ಕಾಂಚನ ಶೇವಂತಾಬಾಯಿಯ ಹೊಸ್ತಿಲಿಗೆ ಬಂದು ನಿಂತಳು.

"ಯಾರ ಮುಂದ ಹೇಳಿದಿ?"

"ನಿನ್ನಾಣಿ, ಗ್ವಾಡಿ ಮುಂದೂ ಹೇಳಿಲ್ಲ!"

"ಮತ್ತ ಫೋನಿನ್ಯಾಗಿನವ್ರಿಗೆ ಹೆಂಗ ಗೊತ್ತಾತು?"

ಅದೇ ಶೇವಂತಾಬಾಯಿಗೂ ತಿಳಿಯಲಿಲ್ಲ. ಎರಡು ದಿನ ಕಾಂಚನ ಬಾಗಿಲು ಮುಚ್ಚಿಕೊಂಡೇ ಹೊಲಿದಳು. ಮೂರನೇ ದಿನ ಶೇವಂತಾಬಾಯಿ, ಗಂಟಿನ ಮಾತೆತ್ತದೆ, ನೋಡಿದ್ದೆಲ್ಲ ಫೋನಿಗೆ ಹೇಗೆ ಗೊತ್ತಾಗುತ್ತದೆಂದು ಫೋನಿನ ಅಂಗಡಿಯ ಭಾವುಸಾಹೇಬನನ್ನು ಕೇಳಿದಳು.

"ಆ ಕುಕೀ ಚೌಕಕ್ಕ ನೀವ ಹೂಂ ಅಂದೀರಿ, ಆಯಿ. ಏನೇನ ನೋಡ್ತೀರಿ ಅಂತ ಬರಕೊಳ್ಳಾಕ."

"ಯಾರಿಗೆ ಅಂದೀನಿ?"

"ಎಷ್ಟ ಮಂದಿಗೋ, ನನಗೂ ಗೊತ್ತಿಲ್ರಿ. ಪರದೇಶದಾಗ ಕೇಳದ ಬರಕೊಂಡ್ರ ದಂಡ ಹಾಕ್ತಾರಂತ. ಅದಕ್ಕ ಕೇಳ್ತಾರ."

"ನಾ ಮರ್ಯಾದಿಗೆ ಕೇಳ್ತಾರ ಅನ್ಕೊಂಡಿದ್ನೆಲ್ಲೋ!"

ಮಿರಜಿನ ದವಾಖಾನೆಗೆ ಹೋಗಲು ಬಟ್ಟೆಯ ಗಂಟು ಕಟ್ಟುತ್ತಿದ್ದ ಕಾಂಚನ ಶೇವಂತಾಬಾಯಿಯಿಂದ ಇದನ್ನು ಕೇಳಿ, ಅರ್ಥವಾಗದೆ ಮುಖ ನೋಡಿದಳು. ಆಮೇಲೆ ನಕ್ಕಳು. "ಇಷ್ಟ ದೊಡ್ಡ ಸುಳ್ಳ ಹೆಣಿಯಾಕ ನಿನಗ ಬರಾಂಗಿಲ್ಲ ಬಿಡು. ಖರೇನ ಇರಬೇಕು."

ಮರುದಿನ ಬಸ್ಸಿನ ಕಿಟಕಿಯಿಂದ ಫೋನನ್ನು ಶೇವಂತಾಬಾಯಿಯ ಕೈಗಿಟ್ಟಳು. ಕಾಂಚನ ಆಕೆಯನ್ನು ಕಡೆಯದಾಗಿ ಕೇಳಿಕೊಂಡದ್ದು ಇದೇ:

"ನೀಲಮಾ ಫೋನ್ ಮಾಡಿದ್ರ, ಬ್ಲೌಸ್ ಕೊಡಾಕ ಹೋಗ್ಯಾಳ ಅನ್ನು. ಮತ್ತ ಆಕಿ ಪರೀಕ್ಷಾ ಮುಗಿಯೂತನಕ, ಅಕ್ಕಾ, ಈ ಫೋನು ಏನ ಕೇಳಿದ್ರೂ ಒಲ್ಲೆ ಅನ್ನು."