ಕ್ಯಾಸೆಟ್ಟಿನ ಆ ಕಡೆ

ಆ ಹಾಡಿನ ತಂಡದ ಮೊದಲ ಕ್ಯಾಸೆಟ್ಟನ್ನು ಚಳ್ಳಕೆರೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನಾನು ಕೊಂಡದ್ದು ಹೊದಿಕೆಯ ಚಿತ್ರ ನೋಡಿ ನಗು ಬಂದದ್ದಕ್ಕೆ. ನಾಲ್ವರು ಪಟ್ಟಣದ ಹುಡುಗರು, ಹರಿದ ಜೀನ್ಸು, ಹೆಗಲ ಮೇಲೆ ಕಂಬಳಿ. ಕಂಬಳಿಗೇ ಹೆಸರಾದ ನಮ್ಮ ಕಡೆ ಯಾರೂ ಅದನ್ನು ಹಾಗೆ ಹೊದೆಯುವುದಿಲ್ಲ. ಹಾಡು ಕೇಳಿದ ಮೇಲೆ ನಗು ನಿಂತಿತು. ಬೀಸುವ ಪದಕ್ಕೆ ಗಿಟಾರು ಸೇರಿಸಿದ್ದರು, ಕುರಿ ಕಾಯುವವರ ಹಾಡಿಗೆ ಡ್ರಮ್ಮು. ಕೇಳುತ್ತ ಸುಮ್ಮನೆ ಕೂರಲು ಆಗುತ್ತಿರಲಿಲ್ಲ, ಕಾಲು ತಾನಾಗಿ ಕುಣಿಯುತ್ತಿತ್ತು. ಆಗ ನಾನು ಚಳ್ಳಕೆರೆಯ ಹಾಸ್ಟೆಲ್ಲಿನಲ್ಲಿದ್ದುಕೊಂಡು ಎರಡನೇ ವರ್ಷದ ಬಿ.ಎ. ಓದುತ್ತಿದ್ದೆ.

ಅದೇ ವರ್ಷ ಮೊಳಕಾಲ್ಮೂರಿನಲ್ಲಿ ಅಪ್ಪ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡ. ನಮ್ಮದು ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿಯುವ ರೇಷ್ಮೆ ಮಗ್ಗ. ಅಕ್ಕನ ಮದುವೆ ಗೊತ್ತಾಗಿ ಅವಳ ಧಾರೆ ಸೀರೆಯ ಹಾಸಿನ ಎಳೆಗಳು ಮಗ್ಗಕ್ಕೆ ಏರಿದ್ದವು. ಮನೆಯಲ್ಲಿ ಅಪ್ಪನನ್ನು ಬಿಟ್ಟರೆ ನೇಯಲು ಬರುತ್ತಿದ್ದುದು ನನಗೊಬ್ಬಳಿಗೇ. "ಕಾಲು ನೆಟ್ಟಗಾಗೋವರ್ಗೂ ಬಾರವ್ವ" ಅಂದ. ಟೇಪ್ ರೆಕಾರ್ಡರನ್ನೂ ತಂಡದ ಎರಡು ಕ್ಯಾಸೆಟ್ಟುಗಳನ್ನೂ ಹೊತ್ತುಕೊಂಡು ಬಂದೆ.

ಕಾಲು ನೆಟ್ಟಗಾಗುತ್ತ ಬಂದರೂ ಅಪ್ಪ ಕಾಲೇಜಿನ ಮಾತೆತ್ತಲಿಲ್ಲ. ಬಂದವರಿಗೆಲ್ಲ ಒಂದೇ ಮಾತು: "ನನ್ ಮಗಳು ಮಗ್ಗ ಹಿಡಿದ್ಲು. ನಂಗೆ ಇನ್ನೇನು ಚಿಂತೆ ಐತೆ?" ವಾಪಸ್ ಹೋಗ್ತೀನಪ್ಪಾ ಎನ್ನುವ ಮಾತು ನಾಲಿಗೆ ತುದಿಗೆ ಬಂದು ಅಲ್ಲೇ ಉಳಿಯುತ್ತಿತ್ತು. ಹೇಳಲಾರದ ಸಿಟ್ಟಿಗೆ ಟೇಪಿನ ಸದ್ದು ಜಾಸ್ತಿ ಮಾಡುತ್ತಿದ್ದೆ.

ಎರಡನೇ ಕ್ಯಾಸೆಟ್ಟು ಮೊದಲಿನದರಂತಿರಲಿಲ್ಲ. ಅಷ್ಟರಲ್ಲೇ ಹುಡುಗರಿಗೆ ವಯಸ್ಸಾಗಿಬಿಟ್ಟಂತೆ, ಡ್ರಮ್ಮು ಬಿಟ್ಟು ಕೊಳಲು ಹಿಡಿದಿದ್ದರು. ಒಂದು ಜೋಗುಳವಂತೂ ನಿದ್ದೆ ಬರಿಸುವ ಬದಲು ಇದ್ದ ನಿದ್ದೆಯನ್ನೂ ಕಿತ್ತುಕೊಳ್ಳುತ್ತಿತ್ತು. ಅರ್ಧ ಗಂಟೆಗೆ ಒಂದು ಕಡೆ ಮುಗಿದು ಟಕ್ ಎಂದು ನಿಲ್ಲುತ್ತಿತ್ತು. ಆ ಮೌನ ನನಗೆ ತಡೆಯಲಾಗುತ್ತಿರಲಿಲ್ಲ. ಲಾಳಿ ಬಿಟ್ಟು, ಗುಂಡಿಯಿಂದ ಎದ್ದು, ಕ್ಯಾಸೆಟ್ಟು ತಿರುವಿ ಹಾಕಿ, ಬಾಗಿಲ ತನಕ ಹೋಗಿ, ಚಳ್ಳಕೆರೆ ಬಸ್ಸಿನ ಹಾರ್ನ್ ಕೇಳಿಸುತ್ತದೇನೋ ಎಂದು ನಿಂತು ಬರುತ್ತಿದ್ದೆ. "ಕಾಲು ಸುಟ್ಟ ಬೆಕ್ಕು" ಎಂದು ಅಕ್ಕ ನಗುತ್ತಿದ್ದಳು.

ಸೀರೆ ಮುಗಿದ ದಿನ ಅಪ್ಪ ಕೋಲೂರಿಕೊಂಡು ಬಂದು ಅದನ್ನು ಬಾಗಿಲ ಬೆಳಕಿಗೆ ಹಿಡಿದ. ಸಿಟ್ಟು ಬಂದರೆ ತೆಲುಗಿಗೆ ಹೊರಳುವ ಮನುಷ್ಯ ಅವತ್ತು ಕನ್ನಡದಲ್ಲೇ, ಮೆಲ್ಲಗೆ ಮಾತಾಡಿದ. ನನಗೆ ಹೆದರಿಕೆಯಾದದ್ದು ಅದಕ್ಕೇ.

"ಇಲ್ಲಿ ಕುಣಿಯೋ ಹಾಡು ಬಂದೈತೆ, ಸಡಿಲ ನೇಯ್ದೀಯ. ಇಲ್ಲಿ ನಿಧಾನದ್ದು, ಮಗ್ಗದ ಏಟು ಜೋರಾಗಿ ಬಿದ್ದು ಬಿಗಿಯಾಗೈತೆ." ಬೆರಳು ಸರಿಯಿತು. ಅರ್ಧ ಗೇಣಿಗೊಂದು, ಲಾಳಿ ನಿಂತಲ್ಲೆಲ್ಲ ಮೂಡಿದ, ಕೂದಲಿನಷ್ಟು ತೆಳ್ಳನೆಯ ಅಡ್ಡ ಗೆರೆ. "ಇಲ್ಲಿ ಎದ್ದೀಯ. ಇಲ್ಲೂ ಎದ್ದೀಯ. ಇಲ್ಲಿ ಎದ್ದೋಳು ಭಾಳ ಹೊತ್ತು ಬಂದೇ ಇಲ್ಲ."

ಅಪ್ಪ ಸೀರೆ ಮಡಿಸಿದ. "ಬಾಯಿಬಿಟ್ಟು ಹೇಳಬಾರ್ದೇನವ್ವ? ಮದುವೆ ಮುಗಿಸ್ಕೊಂಡು ಸೋಮವಾರ ಚಳ್ಳಕೆರೆಗೆ ಹೋಗು."

ಬಯಸಿದ್ದೇ ಸಿಕ್ಕಿತು, ಆದರೆ ಮಗ್ಗದಿಂದ ಹೊರಗೆ ಹಾಕಿಸಿಕೊಂಡವಳ ಹಾಗೆ ಅತ್ತುಬಿಟ್ಟೆ. ಅಕ್ಕ ಅದೇ ಸೀರೆ ಉಟ್ಟು ಧಾರೆಗೆ ಕೂತಳು. ಗೆರೆಗಳು ಮತ್ತಾರ ಕಣ್ಣಿಗೂ ಬೀಳಲಿಲ್ಲ. ಹೋಗುವಾಗ ನಾನು ಟೇಪನ್ನು ಮುಟ್ಟಲಿಲ್ಲ. ಎರಡನೇ ಕ್ಯಾಸೆಟ್ಟು ಅದರೊಳಗೇ ಉಳಿಯಿತು.

ದಸರಾ ರಜೆಗೆ ಊರಿಗೆ ಬಂದರೆ ಬೀದಿಗೇ ಆ ಜೋಗುಳ ಕೇಳಿಸುತ್ತಿತ್ತು. ಒಳಗೆ ಅಪ್ಪ ನೇಯುತ್ತಿದ್ದ. ಅವನ ಏಟು ಹಾಡಿನ ತಾಳಕ್ಕೆ ಸೊಪ್ಪು ಹಾಕದೆ ತನ್ನ ಪಾಡಿಗೆ ಬೀಳುತ್ತಿತ್ತು. ಅವ್ವ ಪಕ್ಕದಲ್ಲೇ ನೂಲು ಸುತ್ತುತ್ತಿದ್ದಳು. ಶಾಕ್ ಹೊಡೆಯುತ್ತದೆಂದು ಅವಳು ಆ ಪೆಟ್ಟಿಗೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಹಾಡು ಮುಗಿದು ಟೇಪು ಟಕ್ ಎಂದಿತು. ಲಾಳಿ ನಿಲ್ಲಲಿಲ್ಲ.

"ಬಂದ್ಯಾ? ಅದನ್ನ ತಿರುವಿ ಹಾಕವ್ವ" ಅಂದ ಅಪ್ಪ, ಕತ್ತೆತ್ತದೆ. "ನೀನು ಹೋದಾಗಿಂದ ಕೂರೋಕೆ ಮುಂಚೆ ಹಿಂದಕ್ಕೆ ಸುತ್ತಿಕೊಂಡು ಇದೊಂದೇ ಕಡೆ ಕೇಳ್ತಾ ಇದೀನಿ. ಕೂತ ಮ್ಯಾಲೆ ನಾನು ಏಳಂಗಿಲ್ಲ."

ತಿರುವಿ ಹಾಕಿದೆ. ಬ್ಯಾಗು ಹೆಗಲಿಗಿರುವಂತೆಯೇ ಮಗ್ಗದ ಪಕ್ಕ ಕೂತೆ. ಆ ಕಡೆ ಪೂರ್ತಿ ಮುಗಿಯುವವರೆಗೂ ನಾನು ಏಳಲಿಲ್ಲ.