ಬುಟ್ಟಿ ಮಾಸ್ತರರ ಫೋರ್‌ಹ್ಯಾಂಡ್

ಟೆನಿಸ್ ಕ್ಲಬ್ಬಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಬುಟ್ಟಿ ಮಾಸ್ತರು ಎಂದೇ. ಇಪ್ಪತ್ತಾರು ವರ್ಷ ಚೆಂಡಿನ ಬುಟ್ಟಿಯ ಪಕ್ಕ ನಿಂತು, ಒಂದೊಂದೇ ಚೆಂಡನ್ನು ಬಲೆಯಾಚೆ ಕಳಿಸಿ, ಕಂಡವರ ಮಕ್ಕಳಿಗೆಲ್ಲ ಫೋರ್‌ಹ್ಯಾಂಡ್ ಕಲಿಸಿದ ಪುಣ್ಯಾತ್ಮ. ನಿದ್ದೆಯಲ್ಲಿ ತಟ್ಟಿ ಎಬ್ಬಿಸಿದರೂ "ಭುಜ ತಿರುಗ್ಸು!" ಅನ್ನುವವರು.

ಈಗ ಹೊಸ ಕಮಿಟಿಗೆ ಒಬ್ಬನೇ ಕೋಚ್ ಸಾಕಂತೆ. ಮಾಸ್ತರು ಮತ್ತು ಎರಡು ವರ್ಷದ ಹಿಂದೆ ಬಂದ ಕಿರಿಯ ಕೋಚ್ ಒಂದು ಸೆಟ್ ಆಡಬೇಕು, ಗೆದ್ದವನಿಗೆ ಕೆಲಸ. ಐವತ್ತೆರಡರ ಮಾಸ್ತರಿಗೆ ಅಂದಿನಿಂದ ಊಟ ಸೇರಲಿಲ್ಲ. ಈ ವಯಸ್ಸಿನಲ್ಲಿ, ಈ ಮೊಣಕಾಲಿಟ್ಟುಕೊಂಡು, ಬೇರೆ ಯಾರು ಕರೆದಾರು?

ಕ್ಲಬ್ಬಿನ ಹಿಂದಿನ ಗೋಡೆಗೆ ಹೊಡೆದು ನೋಡಿದಾಗ ನಿಜ ಗೊತ್ತಾಯಿತು. ಮಕ್ಕಳಿಗೆ ಚೆಂಡು ಕೊಟ್ಟೂ ಕೊಟ್ಟೂ ಅವರ ಫೋರ್‌ಹ್ಯಾಂಡ್ ಮೆತ್ತಗಾಗಿತ್ತು. ಎಷ್ಟೇ ಬೀಸಿದರೂ ಚೆಂಡು ಎದುರಿನವರಿಗೆ ಹೊಡೆಯಲು ಹದವಾದ ಜಾಗಕ್ಕೇ ಹೋಗಿ ಕೂರುತ್ತಿತ್ತು.

ಹೊಲಿಗೆ ಅಂಗಡಿಯಿಂದ ಬಂದ ಹೆಂಡತಿ ಸ್ವಲ್ಪ ಹೊತ್ತು ನೋಡಿದಳು. "ಇದೇನ್ರೀ, ಗೋಡೆಗೂ ಪಾಠ ಹೇಳ್ಕೊಡ್ತಿದೀರಾ?" ಎಂದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಯ ಮೂಲೆಯಲ್ಲಿ ಒಂದು ವೃತ್ತ ಬರೆದಳು. "ಇಲ್ಲಿಗೆ ಹೊಡೀರಿ. ಯಾರ ಕೈಗೂ ಸಿಗಬಾರ್ದು."

ಹದಿನಾಲ್ಕು ದಿನ ಹೊಡೆದರು. ಕೊನೆಯ ದಿನ ಹತ್ತಕ್ಕೆ ಆರು ವೃತ್ತದೊಳಗೆ ಬಿದ್ದವು. ಉಳಿದ ನಾಲ್ಕನ್ನು ನೆನೆದು ರಾತ್ರಿಯೆಲ್ಲ ಹೊರಳಾಡಿದರು.

ಪಂದ್ಯದ ದಿನ ಹೇಗೋ ಆರು-ಆರಕ್ಕೆ ತಂದು ನಿಲ್ಲಿಸಿದರು. ಇನ್ನು ಸೆಟ್ ತೀರ್ಮಾನಿಸುವ ಟೈಬ್ರೇಕ್. ಅದರಲ್ಲೂ ಕಿರಿಯವನಿಗೆ ಆರು, ಇವರಿಗೆ ಐದು. ಇದೊಂದು ಪಾಯಿಂಟ್ ಹೋದರೆ ಕೆಲಸವೂ ಹೋದಂತೆ.

ಚೆಂಡು ಬಲಗಡೆ ಬಂತು. ಮಾಸ್ತರು ಜೀವ ಬಿಟ್ಟು ಬೀಸಿದರು. ನೇರ ಮೂಲೆಗೆ! ಜೀವಮಾನದಲ್ಲೇ ಅಂಥ ಫೋರ್‌ಹ್ಯಾಂಡ್ ಅವರಿಂದ ಬಂದಿರಲಿಲ್ಲ. ಕಿರಿಯವನು ಎದ್ದೆನೋ ಬಿದ್ದೆನೋ ಎಂದು ಓಡಿದ. ಅವನ ಎದೆ ಬಲೆಗೆ ಎದುರಾಗಿಯೇ ಇತ್ತು. ಹಾಗೆ ಹೊಡೆದರೆ ಚೆಂಡು ಬಲೆಗೇ, ಸಂಶಯವಿಲ್ಲ.

"ಭುಜ ತಿರುಗ್ಸು!" ಎಂದು ಕೂಗಿಬಿಟ್ಟರು ಮಾಸ್ತರು.

ಅವನು ತಿರುಗಿಸಿದ. ಚೆಂಡು ಗೆರೆಗುಂಟ ಸಾಗಿ ಅವರನ್ನು ದಾಟಿ ಹೋಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಚೆಂಡು ಹೊರಗೆ ಬಿದ್ದಿದ್ದರೂ ಅಷ್ಟೇ: ಆಟದ ನಡುವೆ ಕೂಗಿ ಎದುರಿನವರ ಗಮನ ಕದಡಿದವನಿಗೆ ಪಾಯಿಂಟ್ ಇಲ್ಲ. ಆ ನಿಯಮವನ್ನು ಕ್ಲಬ್ಬಿನ ಮಕ್ಕಳಿಗೆಲ್ಲ ಕಲಿಸಿದವರು ಅವರೇ.

ಕಿರಿಯವನು ತಲೆ ತಗ್ಗಿಸಿಕೊಂಡು ಕೈ ಕುಲುಕಿದ. ತಂತಿಬೇಲಿಯ ಆಚೆ ನಿಂತು ನೋಡುತ್ತಿದ್ದ ಹೆಂಡತಿ ಒಳಗೆ ಬಂದಳು. "ಬಾಯಿ ಮುಚ್ಕೊಂಡಿದ್ರೆ ಆ ಪಾಯಿಂಟ್ ನಿಮ್ದೇ ಆಗಿತ್ತಲ್ರೀ!"

"ಅವನ ಭುಜ ನೋಡಿದ್ಯಾ? ಎಷ್ಟು ಸರಿಯಾಗಿ ತಿರುಗ್ತು," ಎಂದರು ಮಾಸ್ತರು. ಅಂದವರು, ನಾಳೆ ಬೆಳಿಗ್ಗೆ ಆರಕ್ಕೆ ಎದ್ದು ಎಲ್ಲಿಗೆ ಹೋಗುವುದು ಎಂದು ಹೊಳೆಯದೆ, ಬುಟ್ಟಿಯ ಪಕ್ಕ ಕುಸಿದು ಕೂತರು.