ಬಚ್ಚಪ್ಪನ ಲಾರಿಯ ಬ್ರೇಕು

ಉರಿಗಾಂನ ಪೆರುಮಾಳ್ ಒಳ್ಳೆಯ ಮಾತನ್ನೆಲ್ಲ ನುಂಗಿಕೊಂಡೇ ಹುಟ್ಟಿದವನು. ಕೆಲಸಕ್ಕಿದ್ದ ಚಿನ್ನದ ಗಣಿ ಮುಚ್ಚಿದ ಮೇಲೆ ಲಾರಿ ರಿಪೇರಿಗೆ ಇಳಿದ. ಅವನ ಷೆಡ್ಡಿನಿಂದ ಬೈಸಿಕೊಳ್ಳದೆ ಹೊರಗೆ ಬಂದವರಿಲ್ಲ. ಹೆಂಡತಿ ಮಾರಿಯಮ್ಮ ತೀರಿಕೊಂಡ ದಿನವೂ ಚಟ್ಟದ ಗಂಟು ಸರಿಯಿಲ್ಲವೆಂದು ಜಗಳ ತೆಗೆದು, ಬಿಚ್ಚಿ ತಾನೇ ಕಟ್ಟಿದ.

ಅವನಿಗೆ ತಕ್ಕ ಜೋಡಿ ಬೇತಮಂಗಲದ ಬಚ್ಚಪ್ಪ. ಟೊಮೇಟೊ ತೋಟಕ್ಕೆ ಕೂಲಿ ಹೆಂಗಸರನ್ನು ಕುರಿಗಳ ಹಾಗೆ ತುಂಬಿಕೊಂಡು ಹೋಗುತ್ತಿದ್ದ ತನ್ನ ಸಣ್ಣ ಲಾರಿಯನ್ನು ತಂದು, ಹಿಂದಿನ ಡ್ರಮ್ ಬ್ರೇಕು ತೆಗೆದು ಡಿಸ್ಕ್ ಹಾಕು ಎಂದ. ಪೆರುಮಾಳನ ಸೊಸೆ ಸೆಲ್ವಿಯೂ ಆ ಹೆಂಗಸರಲ್ಲಿ ಒಬ್ಬಳು.

ಡಿಸ್ಕನ್ನು ಕಚ್ಚಿ ಹಿಡಿಯುವ ಎರಡು ಹೊಸ ಕ್ಯಾಲಿಪರ್‌ಗಳ ತುದಿಗೆ ಬಚ್ಚಪ್ಪನ ಹೆಂಡತಿ ಚಿಕ್ಕವೆಂಕಟಮ್ಮ ಅರಿಶಿನ ಕುಂಕುಮ ಇಟ್ಟು ಕಳಿಸಿದ್ದಳು. ಕೂರಿಸಿದಾಗ ಬೊಟ್ಟು ನೆಲ ನೋಡಿತು.

"ಕುಂಕುಮ ಕೆಳಕ್ ಮಾಡ್ತೀಯೇನ್ಲಾ, ನನ್ ಮನೆ ಆಳಾಗ್ಲಿ ಅಂತಾನಾ?" ಎಂದು ಬಚ್ಚಪ್ಪ ಕೂಗಾಡಿದ. ಅವನ ಬಾಯಿ ಮುಚ್ಚಿದರೆ ಸಾಕೆಂದು ಪೆರುಮಾಳ್ ಬಲಗಡೆಯದನ್ನು ಎಡಕ್ಕೆ, ಎಡಗಡೆಯದನ್ನು ಬಲಕ್ಕೆ ಬದಲಿಸಿದ. ಬೊಟ್ಟು ಮೇಲೆ ಬಂತು.

ಮಾರನೆಯ ಬೆಳಿಗ್ಗೆ ಪೆಡಲ್ ತುಳಿದರೆ ಕೆಸರಿಗೆ ಕಾಲಿಟ್ಟ ಹಾಗೆ ತಳದವರೆಗೂ ಇಳಿಯಿತು. ಪ್ರೆಷರ್ರೇ ಇಲ್ಲ. ಒಳಗೆ ಗಾಳಿ ನಿಂತಿದೆಯೆಂದು ಕ್ಯಾಲಿಪರ್ ತಿರುಪು ಸಡಿಲಿಸಿ ಮೂರು ಸಲ ಬ್ರೇಕ್ ಆಯಿಲ್ ಹರಿಸಿದ. ಸೋರಿಕೆ ಹುಡುಕಿದ. ಆಯಿಲ್ ತಳ್ಳುವ ಸಿಲಿಂಡರನ್ನೂ ಬಿಚ್ಚಿ ನೋಡಿದ, ಚೊಕ್ಕವಾಗಿತ್ತು.

"ಗಣೀಲಿ ಇಲಿ ಇಡೀತಿದ್ದೋನ ಕೈಗೆ ಲಾರಿ ಕೊಟ್ನಲ್ಲ!" ಎಂದ ಬಚ್ಚಪ್ಪ. "ಕೀ ಕೊಡ್ಲಾ. ಎಂಗಸ್ರು ಕಾಯ್ತಾವ್ರೆ. ಮುಂದಿನ ಬ್ರೇಕ್ ಐತಲ್ಲ, ಮೆಲ್ಲಗೆ ಓಗ್ತೀನಿ."

"ಪೋಯ್ಯಾ! ನೀನೊಬ್ನೇ ಗುಂಡೀಗ್ ಬೀಳು, ಹಾರ ಆಕ್ತೀನಿ. ಹನ್ನೆರಡು ಎಂಗಸ್ರು ಯಾಕೆ ನಿನ್ ಜೊತೆ?"

"ಸೊಸೆ ಮ್ಯಾಲೆ ಅಷ್ಟು ಪ್ರೀತಿ ಇದ್ರೆ ಮನೇಲಿ ಕೂರಿಸ್ಕೊಂಡು ಅನ್ನ ಆಕು!"

ಹೊರಗಿನಿಂದ ಸೆಲ್ವಿ ಕೂಗಿದಳು: "ಮಾವಾ, ಕಚ್ಚಾಡೋದು ಮುಗಿದ್ರೆ ಏಳಿ. ಬಿಸಿಲು ನೆತ್ತಿಗೇರ್ತೈತೆ."

ಪೆರುಮಾಳ್ ಮತ್ತೆ ಲಾರಿಯಡಿ ತೂರಿದ. ಕಣ್ಣೆದುರೇ ಕುಂಕುಮ, ಅದರ ಕೆಳಗೆ, ನೆಲದ ಕಡೆಗೆ, ಗಾಳಿ ಬಿಡುವ ತಿರುಪು. ಗಾಳಿ ಯಾವಾಗಲೂ ಮೇಲಕ್ಕೇರುತ್ತದೆ. ತಿರುಪೂ ಮೇಲೆಯೇ ಇರಬೇಕು. ಗಣಿಯಲ್ಲಿ ಗಾಳಿಯ ಪೈಪುಗಳ ಜೊತೆ ಅರ್ಧ ಆಯಸ್ಸು ಕಳೆದವನಿಗೆ ಇದು ತಿಳಿಯದೆ? ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಸಿಲಿಂಡರ್ ಕೆಟ್ಟಿದೆ ಎಂದಿದ್ದರೆ ಬಚ್ಚಪ್ಪ ನಂಬುತ್ತಿದ್ದ.

"ತಪ್ಪು ನಂದೇ," ಎಂದ ಈಚೆ ಬಂದು. "ನಿನ್ ಮಾತು ಕೇಳಿ ಅದಲು ಬದಲು ಮಾಡ್ದೆ."

"ಮತ್ತೆ ಕುಂಕುಮ ಕೆಳಕ್ಕಾ?"

"ಬೇಕಾದ್ರೆ ಒರೆಸಿ ನಿನ್ ಅಣೆಗಿಟ್ಕೋ."

ಎಡ ಬಲ ಮತ್ತೆ ಬದಲಿಸಿ, ತಿರುಪು ಸಡಿಲಿಸಿದರೆ ಬುಸಬುಸನೆ ನೊರೆ ಬಂತು. ಆಮೇಲೆ ಪೆಡಲ್ ಕಲ್ಲಿನಂತೆ ನಿಂತಿತು. ಆದರೂ ಪೆರುಮಾಳ್ ಕೀ ಕೊಡಲಿಲ್ಲ.

"ಲಾರಿ ಇಂದುಗಡೆ ಹತ್ತು. ಎಂಗಸ್ರು ನಿಲ್ಲೋ ಜಾಗದಾಗೆ ನಿಂತ್ಕೋ."

ಎಲ್ಲರೂ ನೋಡುತ್ತಿದ್ದರು; ಬಚ್ಚಪ್ಪ ಹತ್ತಲೇಬೇಕಾಯಿತು. ಇಳಿಜಾರಿನಲ್ಲಿ ಜೋರಾಗಿ ಬಿಟ್ಟ ಪೆರುಮಾಳ್ ಒಮ್ಮೆಲೇ ಬ್ರೇಕು ಒತ್ತಿದ. ಲಾರಿ ಗೂಟ ಹೊಡೆದಂತೆ ನಿಂತಿತು. ಬಚ್ಚಪ್ಪನ ಒಂದು ಚಪ್ಪಲಿ ಕ್ಯಾಬಿನ್ ದಾಟಿ ರಸ್ತೆಗೆ ಬಿತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

"ಇನ್ನು ನಿನ್ ಷೆಡ್ಡಿಗೆ ಕಾಲಿಕ್ಕಲ್ಲ ಕಣ್ಲಾ!"

"ಬಂದ್ರೆ ನಾಯಿ ಬಿಡ್ತೀನಿ," ಎಂದು ಪೆರುಮಾಳ್ ಕೀ ಎಸೆದ.

ಸೆಲ್ವಿ ಊಟದ ಡಬ್ಬಿಯನ್ನು ಮೇಲಿಟ್ಟು, ಎಲ್ಲರಿಗಿಂತ ಮೊದಲು ಲಾರಿ ಹತ್ತಿದಳು.